ಗಣಕದ ಕೋಣೆಯ ಬೀಗದ ಕೈ

ಯಂತ್ರಗಳ ಚರಿತ್ರೆಯನ್ನು ಬರೆಯುವವರಲ್ಲಿ ಒಂದು ರೂಢಿ ಬೆಳೆದುಬಂದಿದೆ. ಯಂತ್ರ ಯಾವ ವರ್ಷ ಬಂದಿತು, ಯಾವ ದೇಶದಿಂದ ಬಂದಿತು, ಅದಕ್ಕೆ ಎಷ್ಟು ಹಣ ತಗಲಿತು, ಪ್ರಾರಂಭೋತ್ಸವಕ್ಕೆ ಯಾವ ಮಂತ್ರಿಗಳು ದಯಮಾಡಿಸಿದ್ದರು ಎಂಬುದನ್ನೆಲ್ಲ ಅವರು ತಪ್ಪದೆ ಬರೆದಿಡುತ್ತಾರೆ. ಆ ಯಂತ್ರವಿದ್ದ ಕೋಣೆಯ ಬೀಗದ ಕೈ ಯಾರ ಬಳಿ ಇತ್ತು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಕಾರ್ಖಾನೆಯ ಮಟ್ಟಿಗೆ ಇದು ಅಷ್ಟು ದೊಡ್ಡ ಲೋಪವಲ್ಲದಿರಬಹುದು. ವಿಶ್ವವಿದ್ಯಾನಿಲಯದ ಮಟ್ಟಿಗೆ ಹಾಗಲ್ಲ. ಅಲ್ಲಿ ಯಂತ್ರವನ್ನು ತಂದವರು ಯಾರು ಎಂಬುದಕ್ಕಿಂತ ಅದನ್ನು ಮುಟ್ಟಿದವರು ಯಾರು ಎಂಬುದೇ ವಿದ್ಯೆಯ ಚರಿತ್ರೆಗೆ ಬೇಕಾದ ಸಂಗತಿ.

ಈಗ ಪದವಿ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಗೂ ತಂತ್ರಜ್ಞಾನದ ಕೌಶಲ ಬೇಕೇಬೇಕೆಂದು ಎಲ್ಲರೂ ಹೇಳುತ್ತಿದ್ದಾರೆ. ಘಟಿಕೋತ್ಸವದ ಭಾಷಣಗಳಲ್ಲಿ ಅದೇ ಮಾತು. ಉದ್ಯಮಪತಿಗಳ ಸಂದರ್ಶನಗಳಲ್ಲಿ ಅದೇ ಮಾತು. ಮಗನನ್ನು ಕಾಲೇಜಿಗೆ ಸೇರಿಸಲು ಬಂದ ತಂದೆಯ ಬಾಯಲ್ಲಿಯೂ ಅದೇ. ನಿನ್ನೆ ಮೊನ್ನೆ ಹುಟ್ಟಿದ ಸಮಸ್ಯೆಯೇನೋ ಎನ್ನುವ ಹಾಗೆ ಮಾತು ನಡೆಯುತ್ತದೆ. ಆದರೆ ನಮ್ಮ ದೇಶದ್ದೇ ಆದ ಒಂದು ಸಂಸ್ಥೆ ಅರವತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಎದುರಿಸಿ, ತಕ್ಕ ಉತ್ತರವನ್ನೂ ಕಂಡುಕೊಂಡಿತ್ತು. ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಕಾನ್ಪುರವೆಂದರೆ ಬಟ್ಟೆಯ ಗಿರಣಿಗಳ ಊರು, ಚರ್ಮದ ವ್ಯಾಪಾರದ ಊರು. ಅಲ್ಲಿ 1959ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಸ್ಥಾಪನೆಯಾಯಿತು. ಸ್ವಂತ ಕಟ್ಟಡವಿರಲಿಲ್ಲ. ಊರಿನ ಹಾರ್ಕೋರ್ಟ್ ಬಟ್ಲರ್ ಸಂಸ್ಥೆಯ ಆಶ್ರಯದಲ್ಲಿ ನೂರು ಮಂದಿ ವಿದ್ಯಾರ್ಥಿಗಳ ಮೊದಲ ತಂಡಕ್ಕೆ ಪಾಠ ಪ್ರಾರಂಭವಾಯಿತು. ಡೈರೆಕ್ಟರಾಗಿ ಬಂದವರು ಪಿ. ಕೆ. ಕೇಳ್ಕರ್. ಇವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿದ್ಯುತ್ ಶಾಸ್ತ್ರವನ್ನು ಓದಿದವರು, ಕೆಲವು ವರ್ಷ ಅಲ್ಲಿಯೇ ಪಾಠವನ್ನೂ ಹೇಳಿದವರು. ಎಂಜಿನಿಯರಾಗುವ ಹುಡುಗ ಬರಿಯ ತನ್ನ ಶಾಖೆಯ ವಿದ್ಯೆಯನ್ನಷ್ಟೇ ಕಲಿತರೆ ಸಾಲದು, ವಿಜ್ಞಾನದ ಮೂಲವನ್ನೂ ಸಾಹಿತ್ಯ, ಸಮಾಜಶಾಸ್ತ್ರ ಮೊದಲಾದ ಮಾನವಿಕ ವಿಷಯಗಳನ್ನೂ ಓದಬೇಕು ಎಂಬುದು ಅಲ್ಲಿನ ಪಠ್ಯಕ್ರಮದ ತಳಹದಿಯಾಗಿತ್ತು. ಮುಂದೆ ಹೇಳುವ ಸಂಗತಿಗೂ ಇದಕ್ಕೂ ಸಂಬಂಧವಿದೆ. ಎಲ್ಲರೂ ಎಲ್ಲವನ್ನೂ ಸ್ವಲ್ಪವಾದರೂ ಕಲಿಯಬೇಕೆಂದು ಹೊರಟವರಿಗೆ ಮಾತ್ರ, ಗಣಕವಿದ್ಯೆಯನ್ನೂ ಎಲ್ಲರಿಗೂ ಕಲಿಸಬೇಕೆಂದು ತೋಚಲು ಸಾಧ್ಯ.

1962ರಿಂದ 1972ರ ವರೆಗೆ ಅಮೆರಿಕದ ಒಂಬತ್ತು ವಿದ್ಯಾಸಂಸ್ಥೆಗಳು ಕೂಡಿ ಕಾನ್ಪುರಕ್ಕೆ ನೆರವು ನೀಡಿದವು. ಆ ನೆರವಿನ ಭಾಗವಾಗಿ 1963ನೆಯ ಇಸವಿಯಲ್ಲಿ ಐ.ಬಿ.ಎಂ. 1620 ಎಂಬ ಗಣಕಯಂತ್ರವೊಂದು ಬಂದು, ಆಗಸ್ಟ್ ತಿಂಗಳ ಹೊತ್ತಿಗೆ ಕೆಲಸಕ್ಕೆ ತೊಡಗಿತು.

ಭಾರತಕ್ಕೆ ಬಂದ ಮೊದಲ ಗಣಕ ಇದೇನೂ ಅಲ್ಲ. ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟು ಅದಕ್ಕೂ ಕೆಲವು ವರ್ಷ ಮೊದಲೇ ಇಂಗ್ಲೆಂಡಿನಿಂದ ಒಂದನ್ನು ತರಿಸಿತ್ತು. ಮುಂಬಯಿಯ ಟಾಟಾ ಮೂಲ ಸಂಶೋಧನಾ ಸಂಸ್ಥೆಯವರು 1960ರ ಹೊತ್ತಿಗೆ ತಾವೇ ಒಂದನ್ನು ಕಟ್ಟಿ ನಿಲ್ಲಿಸಿದ್ದರು. ಆದರೆ ಅವು ಸಂಶೋಧಕರ ಯಂತ್ರಗಳು. ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಹುಡುಗನೊಬ್ಬ, ಅದೂ ರಸ್ತೆ ಸೇತುವೆಗಳ ವಿಷಯ ಓದುವವನು, ಗಣಕದ ಮುಂದೆ ಕುಳಿತು ತನ್ನ ಲೆಕ್ಕವನ್ನು ತಾನೇ ಮಾಡಿಸಿಕೊಳ್ಳುವುದು ಈ ದೇಶದಲ್ಲಿ ನಡೆದಿರಲಿಲ್ಲ. ಕಾನ್ಪುರದಲ್ಲಿ ಅದು ನಡೆಯಿತು.

ಯಂತ್ರವನ್ನು ನಡೆಸಿಕೊಡಲು ಅಮೆರಿಕದಿಂದ ಬಂದ ವಿದ್ವಾಂಸರಲ್ಲಿ ಮುಖ್ಯರಾದವರು ಹ್ಯಾರಿ ಹಸ್ಕಿ. ಇವರು ಎನಿಯಾಕ್ ಎಂಬ ಹೆಸರಾಂತ ಗಣಕದ ಕೆಲಸದಲ್ಲಿ ಭಾಗವಹಿಸಿದ್ದವರು. ಇಂಗ್ಲೆಂಡಿನಲ್ಲಿ ಅಲನ್ ಟ್ಯೂರಿಂಗರ ಜೊತೆಯಲ್ಲಿಯೂ ಒಂದು ವರ್ಷ ದುಡಿದಿದ್ದವರು. ಪ್ರಿನ್ಸ್‌ಟನ್ನಿನಿಂದ ಫೋರ್ಮನ್ ಆ್ಯಕ್ಟನ್, ಇರ್ವಿಂಗ್ ರಾಬಿನೊವಿಟ್ಜ್ ಬಂದರು. ನಮ್ಮವರಲ್ಲಿ ವಿದ್ಯುತ್ ವಿಭಾಗದ ಮತ್ತು ಗಣಕ ಕೇಂದ್ರದ ಹೊಣೆ ಹೊತ್ತವರು ಎಚ್. ಕೆ. ಕೇಶವನ್. ಅವರ ಹೆಸರಿನ ಮೊದಲಕ್ಷರ ನಮ್ಮ ಚಿಕ್ಕಮಗಳೂರಿನ ಪಕ್ಕದ ಹಿರೇಮಗಳೂರನ್ನು ಸೂಚಿಸುತ್ತದೆಯೆಂದರೆ ಓದುಗರಿಗೆ ಸ್ವಲ್ಪ ಹತ್ತಿರದವರೆನಿಸಬಹುದು. ಅವರೊಡನೆ ದುಡಿದವರು ವಿ. ರಾಜಾರಾಮನ್, ಮುಂದೆ ಬಂದು ಸೇರಿದವರು ಎಚ್. ಎನ್. ಮಹಾಬಲ. ರಾಜಾರಾಮನ್ನರೂ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿದವರೇ. 1950ರ ದಶಕದ ನಡುವಿನಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಲೆಕ್ಕ ಮಾಡುವ ವಿದ್ಯುತ್ ಉಪಕರಣದ ಭಾಗಗಳನ್ನು ಅವರು ಅಲ್ಲಿ ಕೈಯಾರೆ ಕಟ್ಟಿದ್ದರು. ಕೈಯಾರೆ ಮಾಡಿ ಕಲಿತವರಿಗೆ ಇತರರೂ ಹಾಗೆಯೇ ಕಲಿಯಲೆಂಬ ಬಯಕೆ ಇರುವುದು ಸಹಜ.

ಆ 1620 ಯಂತ್ರದ ಬಗ್ಗೆ ಒಂದು ಸ್ವಾರಸ್ಯವಾದ ಸಂಗತಿಯಿದೆ. ಅದರ ಮೊದಲ ಮಾದರಿಗೆ ಕೂಡುವ ಲೆಕ್ಕವನ್ನು ಮಾಡುವ ಪ್ರತ್ಯೇಕ ಅಂಗವೇ ಇರಲಿಲ್ಲ. ಕೂಡುವ ಮಗ್ಗಿಯನ್ನೂ ಗುಣಿಸುವ ಮಗ್ಗಿಯನ್ನೂ ಅದರ ನೆನಪಿನಲ್ಲಿ ಮೊದಲೇ ತುಂಬಿಡಬೇಕಾಗಿತ್ತು. ಏಳೂ ಎಂಟೂ ಎಷ್ಟು ಎಂದರೆ ಆ ಮಗ್ಗಿಯನ್ನು ತೆರೆದು ನೋಡಿ ಹೇಳುವುದು! ಇದಕ್ಕೆ ಕೂಡಲೂ ಬಾರದು, ಕೂಡುವ ಪ್ರಯತ್ನವನ್ನೂ ಮಾಡದು ಎಂದು ಅಮೆರಿಕದ ಹುಡುಗರು ಅದನ್ನು ಹಾಸ್ಯ ಮಾಡುತ್ತಿದ್ದರಂತೆ. ಸಾಮಾನ್ಯ ಮಾದರಿಯಲ್ಲಿ ಅದರ ನೆನಪಿಗೆ ಹಿಡಿಯುತ್ತಿದ್ದುದು 20,000 ಅಂಕಿಗಳು. ಇಂದಿನ ಅತ್ಯಂತ ಅಗ್ಗದ ಮೊಬೈಲು ಕೂಡ ಇದನ್ನು ಕಂಡು ನಕ್ಕೀತು. ಆದರೂ ಇಷ್ಟರಿಂದಲೇ ಒಂದು ತಲೆಮಾರು ಗಣಕವಿದ್ಯೆಯನ್ನು ಕಲಿಯಿತು ಎಂಬುದನ್ನು, ಹೊಸ ಯಂತ್ರ ಬಂದ ಹೊರತು ಪಾಠ ಮಾಡಲಾಗದೆಂದು ಅರ್ಜಿ ಬರೆಯುವ ನಾವು ನೆನಪಿನಲ್ಲಿಡಬೇಕು.

ಕಾನ್ಪುರದವರು ಮಾಡಿದ ಮೊದಲ ಕೆಲಸ, ಫೋರ್ಟ್ರಾನ್ ಎಂಬ ಗಣಕಭಾಷೆಯಲ್ಲಿ ಕ್ರಮವಿಧಿ ಬರೆಯುವ ಪಾಠವನ್ನು ಎಂಜಿನಿಯರಿಂಗಿನ ಎಲ್ಲ ಶಾಖೆಗಳ ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಿದ್ದು. ಎರಡನೆಯದು ಅದಕ್ಕಿಂತ ದೊಡ್ಡದು. ಅಂದಿನ ದಿನಗಳಲ್ಲಿ ಅಮೆರಿಕದ ಬಹುಪಾಲು ವಿಶ್ವವಿದ್ಯಾನಿಲಯಗಳಲ್ಲಿ ಗಣಕವೆಂಬುದು ಗಾಜಿನ ಗೋಡೆಯ ಹಿಂದಿನ ದೇವರು. ವಿದ್ಯಾರ್ಥಿ ತನ್ನ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಹೋಗಬೇಕು. ಒಳಗಿನ ಅರ್ಚಕರು ಅದನ್ನು ಯಂತ್ರಕ್ಕೆ ನೈವೇದ್ಯ ಮಾಡಿ, ಬಂದ ಪ್ರಸಾದವನ್ನು ಮರುದಿನವೋ ಅದರ ಮರುದಿನವೋ ಕಿಟಕಿಯಿಂದಲೇ ನೀಡುತ್ತಿದ್ದರು. ಕಾನ್ಪುರದಲ್ಲಿ ಕೇಶವನ್ ಮತ್ತು ಅವರ ಸಂಗಡಿಗರು ಈ ಕಿಟಕಿಯನ್ನು ತೆಗೆದುಹಾಕಿ ಬಾಗಿಲನ್ನು ತೆರೆದಿಟ್ಟರು. ವಿದ್ಯಾರ್ಥಿಗಳು ತಾವೇ ಯಂತ್ರದ ಬಳಿಗೆ ಹೋಗಬಹುದಾಗಿತ್ತು.

ಆ ದಿನಗಳ ಕಲಿಕೆಯ ರೀತಿ ಈಗಿನ ತರುಣರಿಗೆ ತಿಳಿಯದು. ಲೆಕ್ಕವನ್ನು ಬಿಡಿಸುವ ಕ್ರಮವನ್ನು ಮೊದಲು ಕಾಗದದ ಮೇಲೆ ಬರೆಯಬೇಕು. ಒಂದೊಂದು ಸಾಲಿಗೆ ಒಂದೊಂದು ದಪ್ಪ ಕಾಗದದ ಕಾರ್ಡು. ಕಾರ್ಡಿನಲ್ಲಿ 80 ಅಕ್ಷರಗಳಿಗೆ ಸ್ಥಳ. ತೂತು ಹೊಡೆಯುವ ಯಂತ್ರದ ಮುಂದೆ ಕುಳಿತು ಪ್ರತಿಯೊಂದು ಅಕ್ಷರಕ್ಕೂ ತೂತು ಹೊಡೆಯಬೇಕು. ಆಮೇಲೆ ಕಟ್ಟನ್ನು ಗಣಕಕ್ಕೆ ಉಣಿಸಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೂ ಯಂತ್ರ ಮುಲಾಜಿಲ್ಲದೆ ತಿರಸ್ಕರಿಸುತ್ತದೆ. ತಪ್ಪಿದ ಕಾರ್ಡನ್ನು ಹುಡುಕಿ, ಹೊಸದನ್ನು ಮಾಡಿ, ಮತ್ತೆ ಸರದಿಯಲ್ಲಿ ನಿಲ್ಲಬೇಕು. ಕಟ್ಟು ಕೈಜಾರಿ ನೆಲಕ್ಕೆ ಬಿದ್ದು ಕಾರ್ಡುಗಳ ಅನುಕ್ರಮ ಕೆಟ್ಟರಂತೂ ದೇವರೇ ಗತಿ. ವ್ಯಾಕರಣ ಹೇಳಿ ಬದುಕುವ ನನ್ನಂಥವನಿಗೆ ಈ ಶಿಸ್ತು ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ. ಕೇಶಿರಾಜನ ಸೂತ್ರಗಳಲ್ಲಿ ಒಂದಕ್ಷರ ಹೆಚ್ಚು ಕಡಿಮೆಯಾದರೆ ರೂಪಸಿದ್ಧಿಯಾಗುವುದಿಲ್ಲ. ಸೂತ್ರವನ್ನು ಎಲ್ಲಿ ಅನ್ವಯಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೂ ಗೊತ್ತಿರಬೇಕು. ಕಾನ್ಪುರದ ಹುಡುಗ ಕಲಿತದ್ದು ಯಾವುದೋ ಒಂದು ಯಂತ್ರದ ಗುಂಡಿಗಳನ್ನಲ್ಲ. ಆ ಯಂತ್ರ 1966ರ ಹೊತ್ತಿಗೆಲ್ಲ ಹಳೆಯದಾಯಿತು, ಐ.ಬಿ.ಎಂ. 7044 ಎಂಬ ದೊಡ್ಡದು ಬಂದಿತು. ಮುಂದೆ ಕಾರ್ಡುಗಳೂ ಹೋದವು. ಸಮಸ್ಯೆಯೊಂದನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆಯುವುದು, ಬಂದ ಉತ್ತರವನ್ನು ಸಂಶಯದಿಂದ ನೋಡುವುದು, ತಪ್ಪು ಎಲ್ಲಿದೆಯೆಂದು ತಾನೇ ಹುಡುಕುವುದು, ಇವಿಷ್ಟು ಉಳಿದವು.

ಪಾಠಕ್ಕೆ ತಕ್ಕ ಪುಸ್ತಕವಿರಲಿಲ್ಲ. ವಿಲಾಯತಿ ಪುಸ್ತಕಗಳ ಬೆಲೆ ವಿದ್ಯಾರ್ಥಿಗೆ ಎಟುಕುವಂತಿರಲಿಲ್ಲ. ರಾಜಾರಾಮನ್ ತಮ್ಮ ಪಾಠದ ಟಿಪ್ಪಣಿಗಳನ್ನೇ ತಿದ್ದಿ ತೀಡಿ ವಿದ್ಯಾರ್ಥಿಗಳಿಗೆ ಒದಗಿಸಿದರು. ಅದೇ ಬೆಳೆದು 1969ರಲ್ಲಿ ಗಣಕ ಕ್ರಮವಿಧಿಯ ತತ್ತ್ವಗಳನ್ನು ಕುರಿತ ಅಚ್ಚಿನ ಪುಸ್ತಕವಾಯಿತು. ಬೆಲೆ ಕಡಮೆಯಿರಬೇಕೆಂಬುದು ಅವರ ಹಟ. ಆ ಪುಸ್ತಕ, ಅದರ ಹಿಂದೆ ಬಂದ ಅವರ ಬೇರೆ ಬೇರೆ ಪುಸ್ತಕಗಳು, ದೇಶದ ಎಷ್ಟು ಕಾಲೇಜುಗಳಲ್ಲಿ ಎಷ್ಟು ಸಾವಿರ ಕೈಗಳಲ್ಲಿ ಓಡಾಡಿದವೆಂಬುದಕ್ಕೆ ಲೆಕ್ಕವಿಲ್ಲ. ಗಣಕವನ್ನೇ ಕಾಣದ ಊರುಗಳಲ್ಲಿ ಆ ಪುಸ್ತಕವನ್ನು ಓದಿ ಗಣಕವನ್ನು ಊಹಿಸಿಕೊಂಡವರೂ ಇದ್ದರು.

ಇನ್ನೊಂದು ಕೆಲಸ ಇವೆಲ್ಲಕ್ಕಿಂತ ದೂರದೃಷ್ಟಿಯದು. ಹತ್ತು ದಿವಸಗಳ ಬಿಗಿಯಾದ ಶಿಬಿರಗಳನ್ನು ಏರ್ಪಡಿಸಿ, ಬೇರೆ ಬೇರೆ ಕಡೆಯ ಅಧ್ಯಾಪಕರನ್ನೂ ಸಂಶೋಧಕರನ್ನೂ ಎಂಜಿನಿಯರುಗಳನ್ನೂ ಕಾನ್ಪುರಕ್ಕೆ ಕರೆಸಿ ಕಲಿಸಿದರು. ವಿದ್ಯಾರ್ಥಿಗೆ ಕಲಿಸಬೇಕಾದರೆ ಮೊದಲು ಮೇಷ್ಟರಿಗೆ ಕಲಿಸಬೇಕು. ಈ ಸರಳ ಸತ್ಯ ನಮ್ಮ ಶಿಕ್ಷಣದ ಯೋಜನೆಗಳಲ್ಲಿ ಮರೆತುಹೋಗುವಷ್ಟು ಬೇರಾವುದೂ ಮರೆತುಹೋಗುವುದಿಲ್ಲ. ಆದರೆ ಶಿಬಿರ ಮುಗಿಸಿ ತಮ್ಮ ಊರಿಗೆ ಹಿಂದಿರುಗಿದ ಅಧ್ಯಾಪಕರಲ್ಲಿ ಅನೇಕರಿಗೆ ಅಲ್ಲಿ ಯಂತ್ರವೇ ಇರಲಿಲ್ಲ. ಈಜು ಕಲಿಸಿ ಕೆರೆಯಿಲ್ಲದ ಊರಿಗೆ ಕಳುಹಿಸಿದಂತಾಯಿತು.

ಕಾನ್ಪುರವನ್ನು ಹೊಗಳುವಾಗ ಈ ಮಿತಿಯನ್ನು ಮುಚ್ಚಿಡಬಾರದು. ಅಲ್ಲಿ ಕಲಿತವರು ಕೆಲವೇ ನೂರು ಮಂದಿ. ಅವರಲ್ಲಿ ಹಲವರು ಪದವಿ ಪಡೆದೊಡನೆ ಅಮೆರಿಕದ ವಿಮಾನ ಹತ್ತಿದರು. ದೇಶದ ಬೇರೆ ಕಡೆ ಗಣಕದ ಹೆಸರೆತ್ತಿದರೆ ಜನರಿಗೆ ಹೊಟ್ಟೆಪಾಡಿನ ಭಯ. 1960ರ ದಶಕದಲ್ಲಿ ಕಲ್ಕತ್ತೆಯ ಜೀವವಿಮಾ ನಿಗಮದ ನೌಕರರು ಗಣಕ ಬರುವುದನ್ನು ಉಗ್ರವಾಗಿ ವಿರೋಧಿಸಿದರು. ಅವರ ಭಯ ಸುಳ್ಳೆಂದು ಈಗ ಹೇಳುವುದು ಸುಲಭ. ಕೈಗೆ ಸಿಕ್ಕದ ಯಂತ್ರದ ಬಗ್ಗೆ ಭಯವಲ್ಲದೆ ಇನ್ನೇನು ಹುಟ್ಟೀತು?

ಇದೇ ಕಾಲದಲ್ಲಿ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಮತ್ತೊಂದು ವಿದ್ಯಾಸಂಸ್ಥೆ ಬೀಗದ ಕೈಯ ಪ್ರಶ್ನೆಯನ್ನು ಇನ್ನೂ ಮುಂದಕ್ಕೆ ಒಯ್ದಿತು. ಕಾನ್ಪುರ ಎಂಜಿನಿಯರುಗಳ ಶಾಲೆ. ಅಲ್ಲಿ ಎಲ್ಲರಿಗೂ ಎಂದರೆ ಎಲ್ಲ ಎಂಜಿನಿಯರುಗಳಿಗೂ ಎಂದರ್ಥ. ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ ಓದುವವರ ಗತಿಯೇನು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಮೆರಿಕದ ನ್ಯೂ ಹ್ಯಾಂಪ್‌ಷೈರಿನ ಡಾರ್ಟ್‌ಮತ್ ಕಾಲೇಜಿನಲ್ಲಿ. ಅಲ್ಲಿನ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ವಿಜ್ಞಾನದವರಲ್ಲ. ಮುಂದೆ ವಕೀಲರೋ ಅಧಿಕಾರಿಗಳೋ ವ್ಯಾಪಾರಸ್ಥರೋ ಆಗುವವರು. ನಾಳೆ ದೇಶವನ್ನು ಆಳುವವರು ಇವರೇ ಆದ್ದರಿಂದ ಗಣಕವೆಂದರೇನೆಂದು ಇವರಿಗೇ ಮೊದಲು ತಿಳಿದಿರಬೇಕು ಎಂಬುದು ಅಲ್ಲಿನ ಇಬ್ಬರು ಗಣಿತದ ಅಧ್ಯಾಪಕರ ವಾದ. ಒಬ್ಬರು ಜಾನ್ ಕೆಮೆನಿ. ಹಂಗರಿಯಲ್ಲಿ ಹುಟ್ಟಿ, ತರುಣರಾಗಿದ್ದಾಗ ಐನ್‌ಸ್ಟೈನರ ಸಹಾಯಕರಾಗಿದ್ದವರು. ಇನ್ನೊಬ್ಬರು ಥಾಮಸ್ ಕರ್ಟ್ಜ್.

ಫೋರ್ಟ್ರಾನಿನಂಥ ಭಾಷೆ ಇತಿಹಾಸದ ವಿದ್ಯಾರ್ಥಿಗೆ ಕಬ್ಬಿಣದ ಕಡಲೆಯಾಗುತ್ತದೆಂದು ಕಂಡು, ಅವರು ಬೇಸಿಕ್ ಎಂಬ ಸುಲಭವಾದ ಗಣಕಭಾಷೆಯನ್ನು ರಚಿಸಿದರು. ಒಂದೇ ಗಣಕವನ್ನು ಅನೇಕರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು, ತಮ್ಮ ಕಾಲೇಜಿನ ವಿದ್ಯಾರ್ಥಿಗಳಿಂದಲೇ ಬರೆಯಿಸಿ, ಸಿದ್ಧಪಡಿಸಿದರು. 1964ರ ಮೇ 1ರಂದು, ಬೆಳಗಿನ ಜಾವ ನಾಲ್ಕು ಗಂಟೆಗೆ, ಆ ವ್ಯವಸ್ಥೆ ಮೊದಲ ಸಲ ನಡೆಯಿತು. ಕಾಲೇಜಿನ ಕಟ್ಟಡಗಳಲ್ಲಿ ಅಲ್ಲಲ್ಲಿ ತಂತಿಯಂತ್ರದಂಥ ಟೆಲಿಟೈಪುಗಳನ್ನಿಟ್ಟರು. ಮೊದಲ ವರ್ಷದ ಗಣಿತದ ತರಗತಿಯಲ್ಲಿ ಈ ಭಾಷೆಯನ್ನು ಕುರಿತು ಒಂದೆರಡು ಉಪನ್ಯಾಸಗಳಷ್ಟೆ. ಮಿಕ್ಕದ್ದನ್ನು ವಿದ್ಯಾರ್ಥಿ ಯಂತ್ರದ ಮುಂದೆ ಕುಳಿತು ತಾನೇ ಕಲಿಯಬೇಕು.

ಕೆಮೆನಿ ಇದನ್ನು ಪುಸ್ತಕಾಲಯಕ್ಕೆ ಹೋಲಿಸುತ್ತಿದ್ದರು. ಒಳ್ಳೆಯ ಪುಸ್ತಕಾಲಯದಲ್ಲಿ ವಿದ್ಯಾರ್ಥಿ ನೇರವಾಗಿ ಕಪಾಟಿನ ಬಳಿಗೆ ಹೋಗಿ ಬೇಕಾದ ಪುಸ್ತಕವನ್ನು ತೆಗೆದುಕೊಳ್ಳುತ್ತಾನೆ. ಇದು ಏಕೆ ಬೇಕು, ಯಾರ ಅಪ್ಪಣೆಯ ಮೇಲೆ ಬಂದೆ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಪುಟವೊಂದಕ್ಕೆ ಇಷ್ಟು ಎಂದು ಹಣವನ್ನೂ ವಸೂಲು ಮಾಡುವುದಿಲ್ಲ. ಗಣಕವೂ ಹಾಗೆಯೇ ಇರಬೇಕೆಂದು ಅವರ ಮತ. ಹುಡುಗರು ಅದರಲ್ಲಿ ಆಟವನ್ನೂ ಆಡಿದರು. ಆಡಲಿ ಎಂದರು. ಇಂದು ನಮ್ಮಲ್ಲಿ ಯಾವುದಾದರೂ ಕಾಲೇಜಿನ ಪ್ರಿನ್ಸಿಪಾಲರು ಹೀಗೆ ಹೇಳುತ್ತಾರೆಯೆ ಎಂದು ಯೋಚಿಸಿದಾಗ ನನಗೆ ನಗು ಬರುತ್ತದೆ. (ಡಾರ್ಟ್‌ಮತ್ತಿನ ಔದಾರ್ಯಕ್ಕೂ ಎಲ್ಲೆಯಿತ್ತು. 1972ರ ವರೆಗೆ ಅದು ಗಂಡುಹುಡುಗರ ಕಾಲೇಜಾಗಿಯೇ ಇತ್ತು.)

ಕಾನ್ಪುರದ ವಿದ್ಯೆ ನಮ್ಮ ನಾಡಿಗೆ ಹರಿದುಬಂದ ಬಗೆಯನ್ನು ಎಲ್ಲರೂ ಬಲ್ಲರು. ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗಿನಲ್ಲಿ 1967ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಮುಗಿಸಿದ ನಾರಾಯಣಮೂರ್ತಿ ಎಂಬ ತರುಣರು ಮುಂದಿನ ಓದಿಗೆ ಕಾನ್ಪುರಕ್ಕೆ ಹೋದರು. ಅವರು ಅಲ್ಲಿ ಗಣಕದ ಮೋಹಕ್ಕೆ ಬಿದ್ದುದರಿಂದ ಬೆಂಗಳೂರಿಗೆ ಏನಾಯಿತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾದ್ದಿಲ್ಲ. ರಾಜಾರಾಮನ್ನರು 1982ರಲ್ಲಿ ತಾವು ಓದಿದ ಟಾಟಾ ಇನ್‌ಸ್ಟಿಟ್ಯೂಟಿಗೇ ಹಿಂದಿರುಗಿದರು. ಅದೇ ಸುಮಾರಿನಲ್ಲಿ ಅವರ ಅಧ್ಯಕ್ಷತೆಯ ಸಮಿತಿಯೊಂದು, ಸಾಮಾನ್ಯ ಪದವೀಧರರಿಗೂ ಗಣಕವಿದ್ಯೆಯ ದಾರಿ ತೆರೆಯಬೇಕೆಂದು ಎಂ.ಸಿ.ಎ. ಎಂಬ ಹೊಸ ಸ್ನಾತಕೋತ್ತರ ಪದವಿಯನ್ನು ಸಲಹೆ ಮಾಡಿತು. ಎಂಜಿನಿಯರಿಂಗ್ ಸೀಟು ಸಿಗದ ಸಾವಿರಾರು ಬಿ.ಎಸ್ಸಿ., ಬಿ.ಕಾಂ. ಹುಡುಗ ಹುಡುಗಿಯರು ಆ ದಾರಿಯಲ್ಲಿ ನಡೆದು ಬಾಳು ಕಂಡುಕೊಂಡರು. 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಅವರು ತೀರಿಕೊಂಡಾಗ, ಅವರ ಪುಸ್ತಕದಿಂದ ಕಲಿತ ಎಷ್ಟೋ ಮಂದಿ ನರೆತ ತಲೆಯವರು ತಮ್ಮ ಮೇಷ್ಟರನ್ನು ಕಳೆದುಕೊಂಡಂತೆ ದುಃಖಪಟ್ಟರು.

ಹೀಗೆ ಗಣಕ ಹಬ್ಬಿತು. ಹಬ್ಬುವಾಗ ಒಂದು ವಸ್ತು ಮಾತ್ರ ಹಿಂದೆಯೇ ಉಳಿಯಿತು. ಅದು ಆ ತೆರೆದ ಬಾಗಿಲು.

1990ರ ದಶಕದಲ್ಲಿಯೂ ಅದರ ಮುಂದೆಯೂ ನಮ್ಮ ಕಾಲೇಜುಗಳಿಗೆ ಬಂದ ಗಣಕದ ಕೋಣೆಗಳನ್ನು ಕಂಡವರಿಗೆ ಈ ಮಾತು ಅರ್ಥವಾಗುತ್ತದೆ. ಕೋಣೆಯ ಹೊರಗೆ ಚಪ್ಪಲಿಗಳ ಸಾಲು. ಒಳಗೆ ಕಾಲೇಜಿಗೆಲ್ಲ ಒಂದೇ ಆದ ತಣ್ಣನೆಯ ಗಾಳಿಯ ಪೆಟ್ಟಿಗೆ. ಪ್ರತಿಯೊಂದು ಯಂತ್ರದ ಮೇಲೂ ಬಟ್ಟೆಯ ಮುಸುಕು. ಬೀಗದ ಕೈ ಒಬ್ಬ ಅಟೆಂಡರನ ಬಳಿ. ಅವನು ರಜೆಯಾದರೆ ವಿದ್ಯೆಗೂ ರಜೆ. ಯಂತ್ರ ಕೆಟ್ಟರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಂಬ ಹೆದರಿಕೆಯಿಂದ ಪಾಪ, ಅವನಾದರೂ ಏನು ಮಾಡಿಯಾನು? ಹುಡುಗರು ಮುಟ್ಟದೇ ಇದ್ದರೆ ಯಂತ್ರ ಕ್ಷೇಮ. ದಾಸ್ತಾನು ಪುಸ್ತಕದಲ್ಲಿ ಲೆಕ್ಕ ಸರಿಯಾಗಿರುತ್ತದೆ. ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಓದುವವರಿಗಂತೂ ಆ ಕಡೆಯ ಓಣಿಯಲ್ಲಿ ಸುಳಿಯುವ ಕಾರಣವೇ ಇರಲಿಲ್ಲ.

ನಾನು ಎಂ.ಎ. ಓದುತ್ತಿದ್ದಾಗ ನಮ್ಮ ಕಿರುಪ್ರಬಂಧಗಳನ್ನೆಲ್ಲ ವಿಶ್ವವಿದ್ಯಾನಿಲಯದ ಹೆಬ್ಬಾಗಿಲ ಎದುರಿನ ಡಿ.ಟಿ.ಪಿ. ಅಂಗಡಿಯವರು ಮಾಡಿಕೊಡುತ್ತಿದ್ದರು. ಕೈಬರಹದ ಹಾಳೆಗಳನ್ನು ಕೊಡುವುದು, ಪುಟಕ್ಕೆ ಇಷ್ಟೆಂದು ಹಣ ಎಣಿಸುವುದು, ಕರಡು ತಿದ್ದಲು ಮೂರು ಸಲ ಅಲೆಯುವುದು. ಅಂದು ವಿಶ್ವವಿದ್ಯಾನಿಲಯದ ಒಳಗೆ ಇರಬೇಕಾಗಿದ್ದ ವಿದ್ಯೆ ಬೀದಿಯ ಆಚೆ ಬದಿಯಲ್ಲಿತ್ತು. ಇಪ್ಪತ್ತು ವರ್ಷಗಳ ಮೇಲೆ ಇಂದಿಗೂ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅದೇ ಬೀದಿಯನ್ನು ದಾಟುತ್ತಾರೆ. ಅವರ ಕೈಯಲ್ಲಿ ಒಳ್ಳೊಳ್ಳೆಯ ಮೊಬೈಲುಗಳಿವೆ. ಚಿತ್ರ ತೆಗೆಯಬಲ್ಲರು, ಹಣ ಕಳುಹಿಸಬಲ್ಲರು, ಸಂದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ರವಾನಿಸಬಲ್ಲರು. ಹತ್ತು ಪುಟದ ಕನ್ನಡ ಲೇಖನವನ್ನು ಬೆರಳಚ್ಚು ಮಾಡಿ, ಶೀರ್ಷಿಕೆ ಪುಟಸಂಖ್ಯೆಗಳನ್ನು ಹಾಕಿ, ಕಡತಕ್ಕೊಂದು ಹೆಸರಿಟ್ಟು, ಮತ್ತೆ ಬೇಕಾದಾಗ ಹುಡುಕಿ ತೆಗೆಯೆಂದರೆ ತಬ್ಬಿಬ್ಬಾಗುತ್ತಾರೆ. ಅವರ ಬುದ್ಧಿಯಲ್ಲಿ ಯಾವ ಕೊರತೆಯೂ ಇಲ್ಲ. ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೆ.

ಇದರಿಂದಾಗುವ ನಷ್ಟ ಹಣದ್ದು ಮಾತ್ರವಲ್ಲ. ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆಯಿತು. ಆದರೂ ಅಂಗಡಿಗಳಲ್ಲಿ ಬಹಳ ಕಾಲ, ಈಗಲೂ ಎಷ್ಟೋ ಕಡೆ, ಹಳೆಯ ಪದ್ಧತಿಯೇ ನಡೆದಿದೆ. ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಆ ಅಂಗಡಿಯ ಅಕ್ಷರಮಾದರಿ ಇರುವ ಯಂತ್ರದಲ್ಲಿ ಅದು ಕನ್ನಡ; ಬೇರೆಡೆ ತೆರೆದರೆ ಅರ್ಥವಿಲ್ಲದ ಕಲಸುಮೇಲೋಗರ. ನಮ್ಮ ಪಿಎಚ್.ಡಿ. ಮಹಾಪ್ರಬಂಧಗಳನ್ನು ಈಗ ಶೋಧಗಂಗಾ ಎಂಬ ರಾಷ್ಟ್ರೀಯ ಭಂಡಾರಕ್ಕೆ ಸೇರಿಸುತ್ತಾರೆ. ಅಲ್ಲಿ ಒಂದು ವಚನಕಾರನ ಹೆಸರನ್ನೋ ಒಂದು ಶಾಸನದ ಊರನ್ನೋ ಕನ್ನಡದಲ್ಲಿ ಕೊಟ್ಟು ಹುಡುಕುವವನಿಗೆ, ಹಳೆಯ ಸಂಕೇತದಲ್ಲಿ ಅಚ್ಚಾದ ಅಥವಾ ಬರಿಯ ಚಿತ್ರವಾಗಿ ಸೇರಿದ ಪ್ರಬಂಧದ ಒಳಗಿನ ಮಾತು ಕಾಣಿಸುವುದೇ ಇಲ್ಲ. ನಾಲ್ಕೈದು ವರ್ಷ ಹಳ್ಳಿಹಳ್ಳಿ ಸುತ್ತಿ ಒಬ್ಬ ವಿದ್ಯಾರ್ಥಿನಿ ಕಲೆಹಾಕಿದ ಸಾಮಗ್ರಿ ಹೀಗೆ ಇದ್ದೂ ಇಲ್ಲದಂತಾಗುತ್ತದೆ. ಓಲೆಗರಿಗೆ ಗೆದ್ದಲು ಹಿಡಿದರೆ ಮರುಗುವ ನಾವು ಇದಕ್ಕೆ ಮರುಗುವುದನ್ನು ಇನ್ನೂ ಕಲಿತಿಲ್ಲ.

ಸರಕಾರ ಏನೂ ಮಾಡಿಲ್ಲವೆಂದಲ್ಲ. ಕೆಲವು ವರ್ಷ ಪದವಿ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪು ಹಂಚಿತು, 2021ರಲ್ಲಿ ಟ್ಯಾಬ್ಲೆಟ್ಟು ಹಂಚಿತು. ಅ ವರ್ಷವೇ ಹೊಸ ಶಿಕ್ಷಣ ನೀತಿಯ ಪ್ರಕಾರ ಡಿಜಿಟಲ್ ಫ್ಲುಯೆನ್ಸಿ ಎಂಬ ಪಠ್ಯವೂ ಪದವಿ ತರಗತಿಗಳಿಗೆ ಬಂದಿತು. ಉದ್ದೇಶ ಒಳ್ಳೆಯದೇ. ಆದರೆ ಪಠ್ಯದಲ್ಲಿದ್ದುದು ಕೃತಕ ಬುದ್ಧಿಮತ್ತೆ, ಬೃಹತ್ ದತ್ತಾಂಶ, ಮೋಡದ ಗಣಕ ಮೊದಲಾದ ಎತ್ತರದ ವಿಷಯಗಳ ಪರಿಚಯ. ಯಂತ್ರವಿಲ್ಲದ ಕಡೆ ಇವನ್ನು ನೋಟ್ಸು ಬರೆಯಿಸಿ ಕಲಿಸಿದರು. ಕೃತಕ ಬುದ್ಧಿಮತ್ತೆಯ ಲಕ್ಷಣವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಒಪ್ಪಿಸಬಲ್ಲ ಹುಡುಗ, ಅದೇ ಉತ್ತರವನ್ನು ಕನ್ನಡದಲ್ಲಿ ಬೆರಳಚ್ಚು ಮಾಡಲಾರ. ಕಾನ್ಪುರದಲ್ಲಿ 1963ರಲ್ಲಿ ಕಾರ್ಡಿಗೆ ತೂತು ಹೊಡೆಯುವುದರಿಂದ ಪಾಠ ಪ್ರಾರಂಭವಾಯಿತೆಂಬುದನ್ನು ಇಲ್ಲಿ ನೆನೆಯಬೇಕು. ಕೇಳಿದ್ದಕ್ಕೆಲ್ಲ ಪ್ರಬಂಧ ಬರೆದುಕೊಡುವ ಯಂತ್ರಗಳು ಬಂದಿರುವ ಈಗಂತೂ, ಉತ್ತರವನ್ನು ಸಂಶಯದಿಂದ ನೋಡುವ ಆ ಹಳೆಯ ಅಭ್ಯಾಸ ಮೊದಲಿಗಿಂತ ಹೆಚ್ಚಾಗಿ ಬೇಕು. ಅದು ನೋಟ್ಸಿನಿಂದ ಬರುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಕನ್ನಡ ವಿದ್ಯಾರ್ಥಿಗೆ ಮೊದಲು ಕಲಿಸಬೇಕಾದದ್ದು ತನ್ನ ಭಾಷೆಯನ್ನು ತಾನೇ ಅಚ್ಚು ಮಾಡುವುದನ್ನು. ಅದಕ್ಕೆ ಬೇಕಾದ ಕೆಲಸವನ್ನು ಕೆ. ಪಿ. ರಾವ್ ಅವರು ಎಂದೋ ಮಾಡಿಟ್ಟಿದ್ದಾರೆ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಈ ವಿದ್ವಾಂಸರು ರೂಪಿಸಿದ ಕೀಲಿಮಣೆಯಲ್ಲಿ ವ್ಯಂಜನವನ್ನೊತ್ತಿ ಸ್ವರವನ್ನೊತ್ತಿದರೆ ಕಾಗುಣಿತವಾಗುತ್ತದೆ. ಒಂದನೆಯ ತರಗತಿಯಲ್ಲಿ ಮರಳಿನ ಮೇಲೆ ತಿದ್ದಿದ ಕ್ರಮವೇ ಅದು. ಸರಕಾರ ಮಾನ್ಯ ಮಾಡಿರುವ ಕೀಲಿಮಣೆ ನಿಂತಿರುವುದು ಆ ತಳಹದಿಯ ಮೇಲೆಯೇ. ಅವರು ಅದನ್ನು ಯಾರಿಗೂ ಮಾರಲಿಲ್ಲ, ನಾಡಿಗೆ ಬಿಟ್ಟುಕೊಟ್ಟರು. ಕಾಗುಣಿತ ಬಲ್ಲವರಿಗೆ ಅದನ್ನು ಕಲಿಯಲು ಹೆಚ್ಚು ದಿನ ಬೇಕಾಗುವುದಿಲ್ಲ. ಬೇಕಾದದ್ದು ಒಂದು ಯಂತ್ರ, ಪಕ್ಕದಲ್ಲಿ ಕುಳಿತು ತೋರಿಸುವ ಒಬ್ಬರು, ಮತ್ತು ತರಗತಿ ಮುಗಿದ ಮೇಲೆ ತೆರೆದಿರುವ ಒಂದು ಕೋಣೆ. ಇವುಗಳಲ್ಲಿ ಕೊನೆಯದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ದುರ್ಲಭ.

ಕಳೆದ ವರ್ಷ ನಮ್ಮ ಕಾಲೇಜಿನ ಗ್ರಂಥಪಾಲಕರು ಪುಸ್ತಕಾಲಯದ ಎರಡು ಗಣಕಗಳನ್ನು ಸಂಜೆ ಆರರ ವರೆಗೆ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಲು ಒಪ್ಪಿದರು. ಯಾವ ಸುತ್ತೋಲೆಯೂ ಬಂದಿರಲಿಲ್ಲ. ಯಂತ್ರ ಕೆಟ್ಟರೆ ನೋಡಿಕೊಳ್ಳೋಣ ಎಂದರು. ಎಂ.ಎ. ಎರಡನೆಯ ವರ್ಷದ ಒಂಬತ್ತು ಮಂದಿ ತಮ್ಮ ಕಿರುಪ್ರಬಂಧಗಳನ್ನು ಅಲ್ಲಿ ತಾವೇ ಬೆರಳಚ್ಚು ಮಾಡಿದರು. ಒಬ್ಬಳು ತನ್ನ ಊರಿನ ಸೋಬಾನೆ ಪದಗಳನ್ನು ಸಂಗ್ರಹಿಸಿದ್ದಳು. ಮೊದಲ ವಾರ ದಿನಕ್ಕೆ ಅರ್ಧ ಪುಟ. ತಿಂಗಳ ಕೊನೆಗೆ ಆರು ಪುಟ. ಅದೇ ಕೀಲಿಮಣೆಯಲ್ಲಿ ಆಕೆ ಈಗ ತನ್ನ ಅಜ್ಜಿ ಹೇಳಿದ ಕಥೆಗಳನ್ನು ಬರೆದಿಡುತ್ತಿದ್ದಾಳೆ. ಎರಡು ಯಂತ್ರಗಳಲ್ಲಿ ಒಂದು ಮಳೆಗಾಲದಲ್ಲಿ ನಿಜವಾಗಿಯೂ ಕೆಟ್ಟಿತು. ರಿಪೇರಿಗೆ ಎಂಟು ನೂರು ರೂಪಾಯಿ ಆಯಿತು.